ಲಗ್ನಪತ್ರಿಕೆಯಲ್ಲಿ ಬಣ್ಣದ ಸೂಚನೆ ಬೇಡ

ಸಂಪಾದಕರಿಗೆ,

ಮಾನ್ಯರೇ,

ಹಾಸನದ ಹಳೆಯ ಬಡಾವಣೆಯೊಂದರಲ್ಲಿ 26 ವರ್ಷಗಳಿಂದ ಹೆಂಗಸರ ಮತ್ತು ಮಕ್ಕಳ ಬಟ್ಟೆ ಹೊಲಿದು ಬದುಕುತ್ತಿರುವವಳು ನಾನು. ಮದುವೆಗಳ ಕಾಲ ಬಂತೆಂದರೆ ನನ್ನ ಅಂಗಡಿಗೆ ಮದುವಣಗಿತ್ತಿಯರಿಗಿಂತ ಹೆಚ್ಚಾಗಿ ಮದುವೆಗೆ ಹೋಗುವ ನೆಂಟರಿಷ್ಟರೇ ಬರುತ್ತಾರೆ. ಸೀರೆಗೆ ಫಾಲ್ ಹಾಕಿಸಲು, ಸೆರಗಿಗೆ ಕುಚ್ಚು ಕಟ್ಟಿಸಲು, ಬಿಗಿಯಾದ ರವಿಕೆಯನ್ನು ಸಡಿಲ ಮಾಡಿಸಲು ಬರುವ ಇವರು ಈಚಿನ ಎರಡು ಮೂರು ವರ್ಷಗಳಿಂದ ಸೀರೆಯ ಜೊತೆಗೆ ಮೊಬೈಲಿಗೆ ಬಂದ ಲಗ್ನಪತ್ರಿಕೆಯನ್ನೂ ತೋರಿಸುತ್ತಿದ್ದಾರೆ. ಮುಹೂರ್ತ, ಸ್ಥಳ, ಸುಖಾಗಮನ ಬಯಸುವವರ ಹೆಸರು ಎಲ್ಲ ಮುಗಿದ ಮೇಲೆ ಕೆಳಗೆ ಒಂದು ಸಾಲು ಇರುತ್ತದೆ: ಅರಿಶಿನ ಶಾಸ್ತ್ರಕ್ಕೆ ಹಳದಿ, ಆರತಕ್ಷತೆಗೆ ತಿಳಿ ನೇರಳೆ, ಧಾರೆಗೆ ಕೆನೆ ಬಣ್ಣ. ದೊಡ್ಡ ಊರುಗಳ ಮದುವೆಗಳಲ್ಲಿ ಇದೆ ಎಂದು ಕೇಳಿದ್ದ ಈ ಡ್ರೆಸ್ ಕೋಡ್ ಈಗ ಅರಕಲಗೂಡು, ಬೇಲೂರು, ಹೊಳೆನರಸೀಪುರದ ಕಡೆಯ ಪತ್ರಿಕೆಗಳಲ್ಲಿಯೂ ಕಾಣತೊಡಗಿದೆ. ಈ ಸಾಲನ್ನು ದಯವಿಟ್ಟು ತೆಗೆದುಬಿಡಿ ಎಂದು ಮದುವೆ ಮಾಡುವ ಮನೆಗಳವರನ್ನು ಕೇಳಿಕೊಳ್ಳುವುದಕ್ಕಾಗಿ, ಮತ್ತು ಮದುವೆಗೆ ಹೋಗುವವರು ಉಡುಪನ್ನು ಆರಿಸುವಾಗ ನಿಜವಾಗಿ ಏನನ್ನು ಯೋಚಿಸಬೇಕು ಎಂದು ನನ್ನ ಕೆಲಸದ ಅನುಭವದಿಂದ ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಮಾಘ ಮಾಸದ ಒಂದು ಸಂಜೆ ನಾನು ಬಾಗಿಲು ಹಾಕುವ ಹೊತ್ತಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಪಾಳಿ ಮುಗಿಸಿ ನೇರವಾಗಿ ಓಡಿಬಂದಳು. ಕೈಯಲ್ಲಿ ಆಗತಾನೇ ಕೊಂಡ ತಿಳಿ ನೇರಳೆ ಬಣ್ಣದ ಸೀರೆ ಇತ್ತು. ‘ಅಕ್ಕ, ಎಂಗಾದ್ರೂ ಮಾಡಿ ನಾಳಿದ್ದು ಬೆಳಿಗ್ಗೆಗೆ ರವಿಕೆ ಕೊಟ್ಬುಡಿ’ ಎಂದು ಕೇಳಿಕೊಂಡಳು. ಸೀರೆಗೆ 2,600 ರೂಪಾಯಿ ಕೊಟ್ಟಿದ್ದಳು, ಅದೂ ಸಂಘದಲ್ಲಿ ಸಾಲ ತೆಗೆದು. ‘ರೇಷ್ಮೆ ತಾನೇ ಅಕ್ಕ ಇದು?’ ಎಂದು ಅವಳೇ ಕೇಳಿದ್ದರಿಂದ ನಾನು ಸೆರಗಿನ ತುದಿಯಿಂದ ಒಂದೆರಡು ಎಳೆ ಬಿಡಿಸಿ ಬೆಂಕಿಕಡ್ಡಿಗೆ ಹಿಡಿದೆ. ಅಪ್ಪಟ ರೇಷ್ಮೆಯಾದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ತಿಕ್ಕಿದರೆ ಪುಡಿಯಾಗಿ ಉದುರುತ್ತದೆ. ಇದು ಕರಗಿ, ಸಾಸಿವೆ ಕಾಳಿನಂತೆ ಗಟ್ಟಿಯಾಗಿ ಎಳೆಯ ತುದಿಗೆ ಅಂಟಿಕೊಂಡಿತು. ಅವಳು ನೋಡುತ್ತ ನಿಂತಿದ್ದಳು, ಏನೂ ಮಾತಾಡಲಿಲ್ಲ. ಮನೆಯಲ್ಲಿ ಬೇರೆ ರೇಷ್ಮೆ ಸೀರೆ ಇಲ್ಲವೇ ಎಂದು ವಿಚಾರಿಸಿದೆ. ಮದುವೆಯಲ್ಲಿ ತವರಿನವರು ಕೊಟ್ಟ ಗಿಳಿಹಸಿರು ಬಣ್ಣದ, ಕೆಂಪು ಅಂಚಿನ ಸೀರೆ ಇದೆ, 11 ವರ್ಷದಲ್ಲಿ ನಾಲ್ಕೇ ಸಲ ಉಟ್ಟಿದ್ದೇನೆ ಎಂದಳು. ‘ಆದ್ರೆ ಅದು ಈ ಬಣ್ಣ ಅಲ್ವಲ್ಲ ಅಕ್ಕ.’ ಅವಳ ಗೆಳತಿಯ ತಂಗಿಯ ಆರತಕ್ಷತೆಗೆ, ಎರಡು ಗಂಟೆಯ ಹೊತ್ತಿಗೆ, ಬೇಕಾಗಿದ್ದ ಸೀರೆ ಅದು.

ನಮ್ಮ ಸೀಮೆಯಲ್ಲಿ ಮದುವೆಗೆ ಕರೆಯುವುದೆಂದರೆ ಮನೆಯವರು ಖುದ್ದಾಗಿ ಬಂದು, ಮೂಲೆಗಳಿಗೆ ಅರಿಶಿನ ಹಚ್ಚಿದ ಪತ್ರಿಕೆಯನ್ನು ಕೈಗಿತ್ತು, ಹೆಂಗಸರಿಗೆ ಕುಂಕುಮ ಕೊಟ್ಟು, ‘ಮನೆ ಮಂದಿಯೆಲ್ಲ ಹಿಂದಿನ ದಿನವೇ ಬಂದುಬಿಡಬೇಕು’ ಎಂದು ಹೇಳಿಹೋಗುವುದು. ಮನೆ ಮಂದಿಯೆಲ್ಲ ಬರಬೇಕೆಂದು ಬಾಯಲ್ಲಿ ಹೇಳಿ, ಮೂರು ಶಾಸ್ತ್ರಕ್ಕೆ ಮೂರು ಬಣ್ಣವೆಂದು ಪತ್ರಿಕೆಯಲ್ಲಿ ಬರೆದರೆ, ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಸಂಸಾರಕ್ಕೆ 12 ಜೊತೆ ಬಟ್ಟೆಯ ಲೆಕ್ಕವಾಯಿತು. ಅಷ್ಟು ಕೊಳ್ಳಲಾರದ ಮನೆಯಿಂದ ಗಂಡಸೊಬ್ಬನೇ ಹೋಗಿ ಮುಯ್ಯಿ ಒಪ್ಪಿಸಿ ಊಟ ಮಾಡಿ ಬರುತ್ತಾನೆ, ಹೆಂಡತಿ ಮಕ್ಕಳು ಏನೋ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಾರೆ. ಹೀಗೆ ಉಳಿದವರನ್ನು ನಾನು ಬಲ್ಲೆ. ಬಣ್ಣ ಸೂಚಿಸಿದ ಮನೆಯವರ ಮನಸ್ಸಿನಲ್ಲಿ ಯಾರನ್ನೂ ದೂರವಿಡುವ ಉದ್ದೇಶ ಇರುವುದಿಲ್ಲ, ಫೋಟೊ ಮತ್ತು ವಿಡಿಯೊ ಚೆನ್ನಾಗಿ ಬರಲಿ ಎಂಬ ಆಸೆಯಷ್ಟೇ ಇರುತ್ತದೆ ಎಂಬುದನ್ನೂ ನಾನು ಬಲ್ಲೆ. ಆದರೂ ಆಗುವುದು ಇದು.

ಹಾಗಾದರೆ ಮದುವೆಗೆ ಏನು ಉಡಬೇಕು? ಧಾರೆಗೆ ಹೋಗುವವರಿಗೆ ನನ್ನ ಉತ್ತರ ಒಂದೇ. ಬೀರುವಿನಲ್ಲಿ ಮಡಿಸಿಟ್ಟಿರುವ ಹಳೆಯ ರೇಷ್ಮೆ ಸೀರೆಯನ್ನು ತೆಗೆಯಿರಿ. ಧಾರೆಯ ಹೊತ್ತಿನಲ್ಲಿ ಮಂಟಪದ ಹತ್ತಿರ ನೆಲದ ಮೇಲೆ ಕೂರಬೇಕಾಗುತ್ತದೆ, ಹಿರಿಯರಿಗೆ ಬಗ್ಗಿ ನಮಸ್ಕರಿಸಬೇಕಾಗುತ್ತದೆ, ಅಕ್ಷತೆ ಹಾಕಲು ಕೈಯೆತ್ತಬೇಕಾಗುತ್ತದೆ, ಪಂಕ್ತಿಯಲ್ಲಿ ಬಡಿಸಲು ಕೈಜೋಡಿಸಬೇಕಾಗುತ್ತದೆ. ಇಷ್ಟಕ್ಕೂ ಹೊಂದುವ ಉಡುಪು ಅನೇಕ ಸಲ ಉಟ್ಟು ಮೆತ್ತಗಾದ ಸೀರೆಯೇ ಹೊರತು, ಗಂಜಿ ಹಾಕಿದಂತೆ ನೆಟ್ಟಗೆ ನಿಲ್ಲುವ ಹೊಸ ಸೀರೆಯಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗಳನ್ನು, ಅಜ್ಜಿ ಉಟ್ಟು, ಅಮ್ಮ ಉಟ್ಟು, ಈಗ ಮೊಮ್ಮಗಳು ಉಡುವುದಕ್ಕೆಂದು ನನ್ನಲ್ಲಿಗೆ ತರುವವರಿದ್ದಾರೆ. ಹೂವಿಲ್ಲದ ಒಂದೇ ಬಣ್ಣದ ಮೈ, ಕಿರಿದಾದ ಜರಿ ಅಂಚು. ಯಾವ ಮದುವೆಗೂ, ಯಾವ ವಯಸ್ಸಿಗೂ ಒಪ್ಪುವ ಸೀರೆ ಅದು. ಇಂಥ ಸೀರೆಗಳನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಮಡಿಕೆಯ ಗೆರೆಯಲ್ಲೇ ಸೀಳುತ್ತವೆ. ಆಗಾಗ ಮಡಿಕೆ ಬದಲಾಯಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಡಬೇಕು. ಸುಗಂಧದ ಸ್ಪ್ರೇಯನ್ನು ಉಟ್ಟ ಮೇಲೆ ಹೊಡೆದುಕೊಂಡರೆ ಜರಿ ಕಪ್ಪಾಗುತ್ತದೆ, ಆ ಕಪ್ಪು ಮತ್ತೆ ಹೋಗುವುದಿಲ್ಲ.

ಸೀರೆ ಇದೆ, ರವಿಕೆ ಹಿಡಿಸುವುದಿಲ್ಲ ಎನ್ನುವವರೇ ಹೆಚ್ಚು. ಅದಕ್ಕೆ ಹೊಸ ಸೀರೆ ಪರಿಹಾರವಲ್ಲ. ರವಿಕೆಯನ್ನು ಮಗುಚಿ ಪಕ್ಕದ ಹೊಲಿಗೆಯ ಒಳಗೆ ನೋಡಿ. ಕಸುಬು ತಿಳಿದವರು ಹೊಲಿದಿದ್ದರೆ ಎರಡೂ ಪಕ್ಕದಲ್ಲಿ ಒಂದರಿಂದ ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾರೆ, ಹಲವರು ಎರಡು ಮೂರು ಸಾಲು ಹೊಲಿಗೆಯನ್ನೂ ಹಾಕಿರುತ್ತಾರೆ. ಒಳಗಿನ ಸಾಲನ್ನು ಬಿಚ್ಚಿದರೆ ಸಾಕು, ಹದಿನೈದು ನಿಮಿಷದ ಕೆಲಸ. ನಾನು ಮೇಲೆ ಹೇಳಿದ ಗಾರ್ಮೆಂಟ್ಸ್‌ನ ಹೆಣ್ಣುಮಗಳು ಬೇರೊಂದು ಮದುವೆಗೆಂದು ವೈಶಾಖದಲ್ಲಿ ಆ ಗಿಳಿಹಸಿರು ಸೀರೆಯ ಕೆಂಪು ರವಿಕೆಯನ್ನು ತಂದಳು. ಕಂಕುಳ ಹತ್ತಿರ ಬೆವರಿಗೆ ಸ್ವಲ್ಪ ಮಾಸಿತ್ತು. ಹೊಲಿಗೆ ಬಿಚ್ಚಿದಾಗ ಒಳಗೆ ಮಡಚಿಕೊಂಡಿದ್ದ ಬಟ್ಟೆ 11 ವರ್ಷದ ಹಿಂದೆ ಕತ್ತರಿಸಿದ ದಿನದ ಕೆಂಪಿನಲ್ಲೇ ಇತ್ತು. ಕೂಲಿ 80 ರೂಪಾಯಿ ಆಯಿತು. ಹೊಲಿಸುವವರಲ್ಲಿ ನನ್ನ ಮನವಿ, ಒಳಗೆ ಬಟ್ಟೆ ಬಿಡಿ ಎಂದು ನೀವೇ ಕೇಳಿ ಪಡೆಯಿರಿ. ತೆಳ್ಳಗೆ ಕಾಣಲಿ ಎಂದು ಅದನ್ನು ಕತ್ತರಿಸಿ ತೆಗೆಸಬೇಡಿ. (ತಾಂಬೂಲದ ಜೊತೆ ಕೊಡುವ ರವಿಕೆ ಕಣದ ವಿಷಯವಾಗಿಯೂ ಒಂದು ಮಾತು. ಮುಕ್ಕಾಲು ಮೀಟರ್‌ಗಿಂತ ಕಡಿಮೆ ಇರುವ ತುಂಡಿನಲ್ಲಿ ತುಂಬಿದ ಮೈಯವರಿಗೆ ರವಿಕೆಯಾಗುವುದಿಲ್ಲ. ಅದು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತದೆ. ಕೊಡುವವರು ಒಂದು ಮೀಟರ್ ಕೊಡಲಿ, ಇಲ್ಲವೇ ಬರೀ ತೆಂಗಿನಕಾಯಿ ಕೊಡಲಿ.)

ಬಣ್ಣದ ವಿಷಯದಲ್ಲಿ ಅತಿಥಿಗಳು ಗಮನಿಸಬೇಕಾದ ಮುಖ್ಯ ಸಂಗತಿ ಒಂದಿದೆ, ಅದು ಪತ್ರಿಕೆಯಲ್ಲಿ ಬರೆದದ್ದಲ್ಲ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಧಾರೆ ಸೀರೆ ಎಂದರೆ ಬಿಳಿಯ ಅಥವಾ ಕೆನೆ ಬಣ್ಣದ, ಕೆಂಪು ಅಂಚಿನ ಸೀರೆ. ಅದು ಅಂದು ಆ ಹುಡುಗಿಗೆ ಮಾತ್ರ ಮೀಸಲು, ಆ ಹೊತ್ತಿನಲ್ಲಿ ಬೇರೆಯವರು ಅದನ್ನು ಹೋಲುವ ಸೀರೆ ಉಡದಿರುವುದು ಸೌಜನ್ಯ. ಆದರೆ ಧಾರೆಗೆ ಕೆನೆ ಬಣ್ಣ ಎಂದು ಪತ್ರಿಕೆಯಲ್ಲಿ ಸೂಚಿಸಿದ ಒಂದು ಮದುವೆಯಲ್ಲಿ, ಮಂಟಪದ ಸುತ್ತ ಕೆನೆ ಬಣ್ಣದ ಸೀರೆಗಳೇ ತುಂಬಿ, ಹಿಂದೆ ಕುಳಿತಿದ್ದ ಹಿರಿಯರು ಅಕ್ಷತೆ ಕೈಯಲ್ಲಿ ಹಿಡಿದು ಹೆಣ್ಣು ಯಾವ ಕಡೆ ಎಂದು ಪಕ್ಕದವರನ್ನು ಕೇಳಿದ್ದನ್ನು ಕಂಡಿದ್ದೇನೆ. ಧಾರೆಗೆ ಕಪ್ಪು ಉಡುವುದನ್ನು ಇಷ್ಟಪಡದ ಹಿರಿಯರು ಇನ್ನೂ ಬಹಳ ಮನೆಗಳಲ್ಲಿ ಇದ್ದಾರೆ. ಅವರ ಮನೆಯ ಸಮಾರಂಭ, ಅವರ ಮನಸ್ಸಿಗೆ ನೋವಾಗದಿರಲಿ ಎಂದು ಆ ಒಂದು ಬೆಳಿಗ್ಗೆ ಕಪ್ಪನ್ನು ಬಿಟ್ಟರೆ ನಮಗೇನೂ ನಷ್ಟವಿಲ್ಲ. ಸಂಜೆಯ ಆರತಕ್ಷತೆಗೆ ಯಾರೂ ಅಷ್ಟು ನೋಡುವುದಿಲ್ಲ.

ಇನ್ನೊಂದು ಬಣ್ಣದ ಕಟ್ಟಳೆ ಇದೆ. ಅದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ, ಆದರೆ ಅದರ ಭಾರ ಎಲ್ಲಕ್ಕಿಂತ ಹೆಚ್ಚು. ಆಲೂರು ಕಡೆಯ ಹಳ್ಳಿಯಿಂದ ಬರುವ, ಗಂಡನನ್ನು ಕಳೆದುಕೊಂಡು ನಾಲ್ಕು ವರ್ಷವಾಗಿರುವ ತಾಯಿಯೊಬ್ಬರು ತಮ್ಮನ ಮಗಳ ಮದುವೆಗೆಂದು ಬೂದು ಬಣ್ಣದ ಸೀರೆ ತಂದು, ‘ಯಾರ ಕಣ್ಗೂ ಬೀಳ್ಬಾರ್ದು ಕಣವ್ವ, ಹಂಗೆ ಹೊಲಿ’ ಎಂದರು. ಆ ಮದುವೆಗೆ ಅಕ್ಕಿ ಹಸನು ಮಾಡಿದವರು ಅವರು, ಚಪ್ಪರಕ್ಕೆ ಸೊಪ್ಪು ತರಿಸಿದವರು ಅವರು, ಆ ಹುಡುಗಿಯನ್ನು ಎರಡು ವರ್ಷ ತಮ್ಮ ಮನೆಯಲ್ಲಿಟ್ಟುಕೊಂಡು ಕಾಲೇಜಿಗೆ ಕಳಿಸಿದವರೂ ಅವರೇ. ಅವರ ಹತ್ತಿರ ನೇರಳೆ ಹಣ್ಣಿನ ಬಣ್ಣದ ಒಳ್ಳೆಯ ಸೀರೆ ಇರುವುದು ನನಗೆ ಗೊತ್ತಿತ್ತು, ಅದಕ್ಕೆ ಕುಚ್ಚು ಕಟ್ಟಿದವಳು ನಾನು. ನಾನು ಹೇಳಿದೆ, ಅವರು ಕೇಳಲಿಲ್ಲ. ಎರಡು ದಿನದ ಮೇಲೆ ಮತ್ತೆ ಬಂದು ಬೂದು ಸೀರೆಯನ್ನು ವಾಪಸು ತೆಗೆದುಕೊಂಡು, ನೇರಳೆ ಸೀರೆಯ ರವಿಕೆಯನ್ನು ಸರಿಮಾಡಲು ಕೊಟ್ಟರು. ಮದುವಣಗಿತ್ತಿಯೇ ಫೋನ್ ಮಾಡಿ, ‘ಅತ್ತೆ, ನೀವು ಆ ಸೀರೆ ಉಟ್ಕೊಂಡು ಮುಂದ್ಗಡೆ ಕೂತ್ಕಳ್ದೆ ಇದ್ರೆ ನಾನು ಹಸೆಮಣೆಗೆ ಬರೋದಿಲ್ಲ’ ಎಂದಿದ್ದಳಂತೆ. ಮದುವೆಯ ಮನೆಯವರು ಬಣ್ಣದ ಬಗ್ಗೆ ಅತಿಥಿಗಳಿಗೆ ಏನಾದರೂ ಹೇಳಲೇಬೇಕೆಂದಿದ್ದರೆ ಇಂಥವರಿಗೆ ಹೇಳಲಿ, ಹೀಗೆ ಹೇಳಲಿ. ಹತ್ತು ಜನರ ಮುಂದೆ ಬಣ್ಣದ ಸೀರೆ ಉಟ್ಟು ಬರಲು ಅವರಿಗೆ ಧೈರ್ಯ ಬರುವುದು ಕರೆಯುವವರ ಬಾಯಿಂದ ಅಂಥ ಮಾತು ಬಂದಾಗ ಮಾತ್ರ.

ಅರಿಶಿನ ಶಾಸ್ತ್ರಕ್ಕೆ ಹೊಸ ಹಳದಿ ಬಟ್ಟೆ ಕೊಳ್ಳುವುದು ನನಗೆ ಅರ್ಥವಾಗದ ಸಂಗತಿ. ನಮ್ಮ ತಾಯಂದಿರು ಆ ದಿನ ಬೇಕೆಂದೇ ಹಳೆಯ ನೂಲಿನ ಸೀರೆ ಉಡುತ್ತಿದ್ದರು, ಏಕೆಂದರೆ ಅರಿಶಿನದ ಕಲೆ ಸುಲಭವಾಗಿ ಹೋಗುವುದಿಲ್ಲ. ಸೋಪು ತಾಗಿದರೆ ಅದು ಕೆಂಪಗಾಗುತ್ತದೆ, ನೆನೆಸಿ ಬಿಸಿಲಿಗೆ ಹರವಿದರೆ ನಾಲ್ಕಾರು ದಿನದಲ್ಲಿ ನಿಧಾನವಾಗಿ ತಿಳಿಯಾಗುತ್ತದೆ. ಎಣ್ಣೆ ಅರಿಶಿನ ಮೆತ್ತಿಸಿಕೊಂಡು ನಗುನಗುತ್ತ ಕೂರಬೇಕಾದ ಹೊತ್ತಿನಲ್ಲಿ ಹೊಸ ಬಟ್ಟೆ ಉಟ್ಟವರು ಕಲೆಗೆ ಹೆದರಿ ಗೋಡೆಯ ಪಕ್ಕಕ್ಕೆ ಸರಿಯುವುದನ್ನು ನೋಡಿದರೆ ಬೇಸರವಾಗುತ್ತದೆ.

ಜಾಗ ಮತ್ತು ಹವಾಮಾನವನ್ನು ಅತಿಥಿಗಳು ಯೋಚಿಸುವುದೇ ಇಲ್ಲ, ಪತ್ರಿಕೆಯೂ ತಿಳಿಸುವುದಿಲ್ಲ. ಹಾಸನದ ಕಲ್ಯಾಣ ಮಂಟಪಕ್ಕೆ ಹೊಂದುವ ಉಡುಪು ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಈಗ ನಡೆಯುತ್ತಿರುವ ಬಯಲು ಮದುವೆಗಳಿಗೆ ಹೊಂದುವುದಿಲ್ಲ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂವಿಗೆ ಬೀಳುವ ಮಳೆಗಾಗಿ ತೋಟದವರು ಮುಗಿಲು ನೋಡುತ್ತಿರುತ್ತಾರೆ, ಅದೇ ಮಳೆ ಆರತಕ್ಷತೆಯ ಹೊತ್ತಿಗೆ ಬಂದರೆ ರೇಷ್ಮೆಯ ಮೇಲೆ ನೀರಿನ ಹನಿಗಳ ಗುರುತು ಉಳಿಯುತ್ತದೆ. ಹುಲ್ಲಿನ ಮೇಲೆ ಎತ್ತರದ ಹಿಮ್ಮಡಿಯ ಚಪ್ಪಲಿ ಹೂತುಹೋಗುತ್ತದೆ. ಜ್ಯೇಷ್ಠದ ಮದುವೆಗಳಿಗೆ ಹೋಗುವ ಹೊತ್ತಿಗೆ ಘಟ್ಟದ ಸೆರಗಿನಲ್ಲಿ ಮುಂಗಾರು ಹಿಡಿದಿರುತ್ತದೆ. ನೆಲ ಗುಡಿಸುವ ಲಂಗ, ಲೆಹೆಂಗಾಗಳ ಅಂಚು ಕೆಸರಾಗುವುದಷ್ಟೇ ಅಲ್ಲ, ಇಂಬಳಗಳೂ ಹತ್ತುತ್ತವೆ. ಇಂಥ ಕಡೆ ಹೋಗುವವರು ಸೀರೆಯನ್ನು ಪಾದಕ್ಕಿಂತ ಎರಡು ಬೆರಳು ಮೇಲೆ ಉಟ್ಟು, ಸುಲಭವಾಗಿ ಕಳಚಿಡಬಹುದಾದ ತಟ್ಟೆ ಚಪ್ಪಲಿ ಹಾಕಿ, ಒಂದು ಶಾಲು ಜೊತೆಗೆ ಇಟ್ಟುಕೊಂಡರೆ ನೆಮ್ಮದಿಯಿಂದ ಮದುವೆ ನೋಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಅರಸೀಕೆರೆ, ಕಡೂರಿನ ಕಡೆ ಹೋಗುವವರಿಗೆ ಬೇಕಾದದ್ದು ಬೇರೆಯೇ. ಆ ಸೆಕೆಯಲ್ಲಿ ಹತ್ತಿ ಬೆರೆತ ಸೀರೆ, ಹತ್ತಿಯ ಅಸ್ತರವಿರುವ ರವಿಕೆ. ಮತ್ತೊಂದು ಎಚ್ಚರಿಕೆ: ಹೋಮಕುಂಡದ ಹತ್ತಿರ, ದೀಪದ ಕಂಬಗಳ ಹತ್ತಿರ ಓಡಾಡುವವರು ತೇಲುವ ನೆಟ್ ದುಪಟ್ಟಾ, ಸಡಿಲ ಬಿಟ್ಟ ಜಾರ್ಜೆಟ್ ಸೆರಗು ಹಾಕಬಾರದು. ಅಂಥ ಬಟ್ಟೆ ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಸೆರಗನ್ನು ನೆರಿಗೆ ಮಾಡಿ ಹೆಗಲಿಗೆ ಪಿನ್ ಹಾಕಿ.

ಗಂಡಸರಿಗೆ ಹೇಳುವುದು ಕಡಿಮೆ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಹೆಗಲಿಗೆ ಶಲ್ಯ ಇದ್ದರೆ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಯಾವ ಮದುವೆಗೂ ಹೋಗಬಹುದು. ಪಂಚೆ ರೂಢಿಯಿಲ್ಲದವರಿಗೆ ಪ್ಯಾಂಟು ಸಾಕು. ಮಕ್ಕಳ ಬಗ್ಗೆ ಮಾತ್ರ ತಾಯಂದಿರು ಸ್ವಲ್ಪ ನಿಲ್ಲಬೇಕು. ಚಮಕಿ, ಮಣಿ ಹಾಕಿದ ಸಿದ್ಧ ಉಡುಪು ತೊಟ್ಟ ಐದು ವರ್ಷದ ಮಗುವೊಂದರ ಕುತ್ತಿಗೆ, ಕಂಕುಳು ಕೆಂಪಗೆ ಗೀರಿದ್ದನ್ನು ಕಂಡ ಮೇಲೆ, ನಾನು ಅಂಥ ಬಟ್ಟೆಗಳಿಗೆ ಒಳಗೆ ಹಳೆಯ ಮೆತ್ತನೆಯ ಪಂಚೆಯ ಅಸ್ತರ ಹಾಕದೆ ಕೊಡುವುದಿಲ್ಲ. ಮಗು ಮದುವೆಯ ಮನೆಯಲ್ಲಿ ಅತ್ತರೆ ಮೊದಲು ಬಟ್ಟೆಯ ಒಳಗೆ ಕೈಯಾಡಿಸಿ ನೋಡಿ.

ಬೇರೆ ಧರ್ಮದವರ ಮದುವೆಗೆ ಹೋಗುವಾಗ ಕರೆದವರನ್ನೇ ಕೇಳುವುದು ಒಳ್ಳೆಯದು, ಕೇಳಿದರೆ ಅವರು ಸಂತೋಷದಿಂದ ಹೇಳುತ್ತಾರೆ. ಚರ್ಚಿನಲ್ಲಿ ನಡೆಯುವ ಮದುವೆಗಳಲ್ಲಿ ಹೆಣ್ಣು ಸಾಮಾನ್ಯವಾಗಿ ಬಿಳಿ ಉಡುವುದರಿಂದ ನಾವು ಬಿಳಿ ಉಡಬಾರದು, ಹೆಗಲು ಮುಚ್ಚಿರಬೇಕು. ನಿಕಾಹ್‌ಗೆ ಹೋಗುವ ಹೆಂಗಸರು ಉದ್ದ ತೋಳಿನ ರವಿಕೆ, ತಲೆಯ ಮೇಲೆ ಹೊದೆಯಲು ಬರುವಷ್ಟು ಉದ್ದದ ಸೆರಗು ಇರುವಂತೆ ನೋಡಿಕೊಂಡರೆ ಆ ಮನೆಯ ಹಿರಿಯರಿಗೆ ಗೌರವ ಕೊಟ್ಟಂತಾಗುತ್ತದೆ. ನಮ್ಮ ಮಲೆನಾಡಿನಲ್ಲಿ ಮಂತ್ರ ಮಾಂಗಲ್ಯದ ಮದುವೆಗಳೂ ನಡೆಯುತ್ತಿರುತ್ತವೆ. 1966ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಆ ಸರಳ ಕ್ರಮದಲ್ಲಿ ನೆರವೇರಿಸಿದರು. ಆಡಂಬರ ಬೇಡವೆಂದೇ ಹಾಗೆ ಮದುವೆಯಾಗುವ ಹುಡುಗ ಹುಡುಗಿಯ ಮುಂದೆ ಮೈತುಂಬ ಜರಿ, ಒಡವೆ ಹೇರಿಕೊಂಡು ಹೋಗಿ ಕೂರುವುದು ಅವರ ನಿರ್ಧಾರವನ್ನು ತಿಳಿಯದೇ ಹೋದಂತೆ. ಅಲ್ಲಿಗೆ ಶುಭ್ರವಾದ ಹತ್ತಿಯ ಸೀರೆ ಎಲ್ಲಕ್ಕಿಂತ ಮೇಲು.

ನನಗಾದ ಒಂದು ಅನುಭವವನ್ನೂ ಹೇಳಬೇಕು. ಕಳೆದ ವರ್ಷ ಹತ್ತಿರದ ಬಂಧುಗಳ ಮದುವೆಗೆ ನಾನು ನನ್ನ ತಾಯಿಯ ನವಿಲುಗತ್ತಿನ ಬಣ್ಣದ ಸೀರೆ ಉಟ್ಟು ಹೋಗಿದ್ದೆ. ಆ ಮದುವಣಗಿತ್ತಿಯ ಮೊದಲ ವರ್ಷದ ಹುಟ್ಟುಹಬ್ಬದ ಫ್ರಾಕ್‌ನಿಂದ ಹಿಡಿದು ಧಾರೆ ರವಿಕೆಯವರೆಗೆ ಎಲ್ಲವೂ ನನ್ನ ಕೈಯಲ್ಲಿ ಹೊಲಿದದ್ದು. ಆರತಕ್ಷತೆಯ ವೇದಿಕೆ ಹತ್ತಿದಾಗ ಫೋಟೊ ತೆಗೆಯುವ ಹುಡುಗ, ‘ಆಂಟಿ, ನೀವು ಆಮೇಲೆ ಬನ್ನಿ, ಫಸ್ಟು ಸೇಮ್ ಕಲರ್ ಇರೋರು’ ಎಂದು ನನ್ನನ್ನೂ, ವಯಸ್ಸಾದ ಇನ್ನಿಬ್ಬರನ್ನೂ ಮೆಟ್ಟಿಲ ಪಕ್ಕಕ್ಕೆ ನಿಲ್ಲಿಸಿದ. ಅವನಿಗೆ ಹಾಗೆ ಹೇಳಿಕೊಡಲಾಗಿತ್ತು, ಅವನ ತಪ್ಪೇನಿಲ್ಲ. ಆಮೇಲೆ ಬೇರೆ ಗುಂಪುಗಳು ಬಂದವು, ಊಟದ ಹೊತ್ತಾಯಿತು, ನಾವು ಮೂವರೂ ಕೆಳಗಿಳಿದು ಬಂದೆವು. ಆ ಮದುವೆಯ ಆಲ್ಬಮ್ಮಿನಲ್ಲಿ ನಾನು ಹೊಲಿದ ರವಿಕೆ ಇದೆ, ನಾನಿಲ್ಲ. ಆ ಹುಡುಗಿಗೆ ಇದು ಇಂದಿಗೂ ತಿಳಿಯದು, ತಿಳಿದರೆ ಅವಳು ನೊಂದುಕೊಳ್ಳುತ್ತಾಳೆ. ನಾನು ಇದನ್ನು ಬರೆಯುತ್ತಿರುವುದು ಮುಂದಿನ ಮದುವೆಯ ಮನೆಯವರಿಗೆ ತಿಳಿಯಲಿ ಎಂದು.

ಮದುವೆ ಗೊತ್ತುಮಾಡಿರುವ ಮನೆಗಳವರಲ್ಲಿ ಮತ್ತು ಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯದವರಲ್ಲಿ ನನ್ನ ವಿನಂತಿ ಇಷ್ಟು. ಬಣ್ಣ ಬರೆಯುತ್ತಿದ್ದ ಆ ಜಾಗದಲ್ಲಿ ಅತಿಥಿಗಳಿಗೆ ಉಪಯೋಗವಾಗುವ ಮಾತು ಬರೆಯಿರಿ. ಊಟ ನೆಲದ ಪಂಕ್ತಿಯೋ ಮೇಜಿನದೋ, ಆರತಕ್ಷತೆ ಬಯಲಿನಲ್ಲೋ ಒಳಗೋ, ವಾಹನ ನಿಲ್ಲಿಸಿದಲ್ಲಿಂದ ಎಷ್ಟು ದೂರ ನಡೆಯಬೇಕು, ದಾರಿಯಲ್ಲಿ ಕೆಸರಿದೆಯೇ, ರಾತ್ರಿ ಚಳಿ ಹೆಚ್ಚಿರುತ್ತದೆಯೇ, ಉಳಿದುಕೊಳ್ಳುವವರಿಗೆ ಬಟ್ಟೆ ಬದಲಾಯಿಸಲು ಕೋಣೆ ಇದೆಯೇ, ಹಾಲುಣ್ಣುವ ಮಕ್ಕಳ ತಾಯಂದಿರು ಕೂರಲು ಮರೆಯಾದ ಜಾಗವಿದೆಯೇ. ಇವಿಷ್ಟು ತಿಳಿದರೆ ಪ್ರತಿಯೊಬ್ಬರೂ ತಮ್ಮ ಮನೆಯ ಬೀರು ತೆಗೆದು ತಮಗೆ ತಕ್ಕುದನ್ನು ಆರಿಸಿಕೊಳ್ಳುತ್ತಾರೆ. ಉಡುವವರಿಗೂ ಒಂದು ಮಾತು: ಆಷಾಢದಲ್ಲಿ ಮದುವೆಗಳಿಲ್ಲ, ಹೊಲಿಗೆಯವರಿಗೆ ಕೆಲಸ ಕಡಿಮೆ. ಬಿಗಿಯಾದ ರವಿಕೆ, ಬಿಟ್ಟುಹೋದ ಫಾಲ್, ಕಿತ್ತ ಕುಚ್ಚು ಏನಿದ್ದರೂ ಆ ತಿಂಗಳಲ್ಲಿ ತಂದುಕೊಡಿ. ಲಗ್ನಪತ್ರಿಕೆ ಬಂದ ಮೇಲೆ ರಾತ್ರಿ ಎಂಟು ಗಂಟೆಗೆ ಓಡಿಬರಬೇಕಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಪತ್ರಿಕೆಯ ಓದುಗರಾದ ಒಬ್ಬ ಹೊಲಿಗೆಯ ಹೆಣ್ಣುಮಗಳು
ಹಾಸನ